ಹೇಳಿಕೊಳ್ಳಲಾಗದ ದುಃಖ

ಶಿರಗುಪ್ಪಿಯಂಥ ಗಡಿಭಾಗದ ಊರಿನಲ್ಲಿ ಮಗಳ ನಿಶ್ಚಿತಾರ್ಥ ಮುರಿದರೆ ಓಣಿಯೇ ಬಂದು ಸಮಾಧಾನ ಹೇಳುತ್ತದೆ. ಆದರೆ ಅವಳನ್ನು ತೊರೆದು ಹೋದದ್ದು ಒಬ್ಬ ಗೆಳತಿಯಾದರೆ? ಆ ಅಳುವಿಗೆ ಕಾರಣ ಕೇಳುವವರಿಲ್ಲ, ಕೇಳಿದರೂ ಹೇಳುವಂತಿಲ್ಲ. ಅಷ್ಟರಲ್ಲಿ ಮಿರಜ್ ಕಡೆಯ ವರನ ಜಾತಕ ಮನೆಗೆ ಬಂದಿರುತ್ತದೆ.

ಗಂಡು, ಹೆಣ್ಣು ಇಬ್ಬರತ್ತಲೂ ಒಲವು ಮೂಡುವ ಹೆಣ್ಣಿಗೆ ಇನ್ನೊಂದು ಪೇಚು. ‘ಹುಡುಗನನ್ನೂ ಮೆಚ್ಚಬಲ್ಲೆಯಲ್ಲ, ಲಗ್ನಕ್ಕೇನಡ್ಡಿ?’ ಎಂದು ಮನೆಯವರು ಕೇಳಿಯಾರು. ಗಂಡಸರನ್ನಷ್ಟೇ ಮೆಚ್ಚುವ ಹೆಣ್ಣೂ ಬಂದ ವರನನ್ನೆಲ್ಲ ಒಪ್ಪುವುದಿಲ್ಲವಲ್ಲ!

ಇನ್ನು ಕಾನೂನು ಏನನ್ನುತ್ತದೆ? ಇರಾನಿನಲ್ಲಿ ಇಬ್ಬರು ಹೆಂಗಸರ ದೈಹಿಕ ಸಂಬಂಧಕ್ಕೆ 100 ಛಡಿಯೇಟಿನ ಶಿಕ್ಷೆಯಿದೆ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಪೊಲೀಸರ ಭಯ ಹೋಯಿತು, ಬಂಧುಬಳಗದ ಭಯ ಉಳಿಯಿತು.

‘ನಮ್ಮ ನಂತರ ಇವಳಿಗೆ ಯಾರು?’ ಎಂಬ ಹೆತ್ತವರ ಆತಂಕ ಸುಳ್ಳಲ್ಲ. ಆದರೆ ಒಲ್ಲದ ಮದುವೆ ಅದಕ್ಕೆ ಉತ್ತರವಲ್ಲ. ಅದು ಏನೂ ಅರಿಯದ ವರನಿಗೂ ಮಾಡುವ ಅನ್ಯಾಯ. ಲಗ್ನದ ಮಾತು ಕೆಲಕಾಲ ಬದಿಗಿರಲಿ. ‘ಯಾರು, ಏನು’ ಎಂದು ಕೆದಕುವ ಮೊದಲು ‘ಊಟ ಮಾಡಿದೆಯಾ, ಮನಸ್ಸಿಗೆ ನೋವಾಗಿದೆಯಾ?’ ಎಂದು ಕೇಳೋಣ. ಮನೆಯಲ್ಲಿ ಬಾಯಿಬಿಡಲಾಗದವರಿಗೆ 14416 ಸಂಖ್ಯೆಯ ಟೆಲಿ-ಮಾನಸ್ ಉಚಿತ ಸಹಾಯವಾಣಿ ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳು ನಮ್ಮ ಮರ್ಯಾದೆ ಉಳಿಸಲೆಂದು ಹುಟ್ಟಿದವರಲ್ಲ. ಅವರು ನಿಜ ಹೇಳಬಹುದಾದ ಮನೆಯೇ ಮರ್ಯಾದೆಯ ಮನೆ.