ಎಲುಬಿಗೂ ನೆತ್ತರಿಗೂ ಇರುವ ನಂಟು



ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಮೊಮ್ಮಗನೂ ಜಾರಿ ಬೀಳುತ್ತಾನೆ, ಅಜ್ಜಿಯೂ ಜಾರಿ ಬೀಳುತ್ತಾರೆ. ಹುಡುಗನ ಕೈ ಮುರಿದರೆ ಕೆಲವೇ ವಾರಗಳಲ್ಲಿ ಎಲುಬು ಕೂಡಿಕೊಳ್ಳುತ್ತದೆ. ಅಜ್ಜಿಯ ಸೊಂಟದ ಎಲುಬು ಮುರಿದರೆ ಅವರು ಮೊದಲಿನಂತೆ ನಡೆದಾಡುವುದೇ ಕಷ್ಟ. ‘ವಯಸ್ಸಾಯಿತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ವಯಸ್ಸಾದಾಗ ಎಲುಬಿನೊಳಗೆ ಆಗುವುದಾದರೂ ಏನು? ಇದಕ್ಕೆ ಒಂದು ಉತ್ತರ ದೊರೆತದ್ದು ಪ್ರಯೋಗಶಾಲೆಯ ಚಿಟ್ಟಿಲಿಗಳಿಂದ.

ಎಲುಬು ಒಣಕಟ್ಟಿಗೆಯಲ್ಲ. ಸವೆಯುತ್ತಲೂ ಮತ್ತೆ ಕಟ್ಟಿಕೊಳ್ಳುತ್ತಲೂ ಇರುವ ಜೀವಂತ ಅಂಗ ಅದು. ಅದರ ತುಂಬ ರಕ್ತನಾಳಗಳು ಹರಡಿಕೊಂಡಿವೆ. ಇವುಗಳಿಗೆ ಬೆಳೆಯಲು ಕರೆ ಕೊಡುವುದು ವಿಇಜಿಎಫ್ ಎಂಬ ಪ್ರೋಟೀನು. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ದಿನದ ಇಲಿಮರಿಗಳಲ್ಲಿ ಇದನ್ನು ತಡೆಹಿಡಿದು ನೋಡಿದರು. ಎಲುಬಿನ ತುದಿಯ ಮೃದ್ವಸ್ಥಿಯೊಳಕ್ಕೆ ರಕ್ತನಾಳಗಳು ನುಗ್ಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೃದ್ವಸ್ಥಿ ದಪ್ಪವಾಯಿತು, ಅದು ಎಲುಬಾಗುವ ಕೆಲಸ ಕುಂಟಿತು. ತಡೆ ತೆಗೆದ ಮೇಲೆ ಬೆಳವಣಿಗೆ ಮತ್ತೆ ದಾರಿಗೆ ಬಂತು.

2014ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅಂಜಲಿ ಕುಸುಂಬೆ, ರಾಲ್ಫ್ ಆಡಮ್ಸ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಕಂಡರು. ಎಲುಬಿನ ರಕ್ತನಾಳಗಳೆಲ್ಲ ಒಂದೇ ಬಗೆಯವಲ್ಲ. ‘ಎಚ್’ ಬಗೆಯೆಂದು ಅವರು ಹೆಸರಿಟ್ಟ ನಾಳಗಳು ತೋಟದ ಕಾಲುವೆಯಂತೆ ಬರಿದೇ ಹರಿಸುವವಲ್ಲ. ಎಲುಬು ಕಟ್ಟುವ ಜೀವಕೋಶಗಳು ಇವುಗಳ ಸುತ್ತಲೇ ನೆರೆದಿರುತ್ತವೆ. ಆ ಕೋಶಗಳಿಗೆ ಬೆಳೆಯುವ ಸೂಚನೆ ಹೋಗುವುದೂ ಇವುಗಳಿಂದಲೇ. ಎಳೆಯ ಇಲಿಗಳಲ್ಲಿ ಇವು ಹೇರಳ, ಮುದಿ ಇಲಿಗಳಲ್ಲಿ ತೀರ ವಿರಳ.

ಈ ನಾಳಗಳನ್ನು ಉಳಿಸುವ ಪ್ರೋಟೀನುಗಳಲ್ಲಿ ಎಚ್‌ಐಎಫ್ ಮುಖ್ಯವಾದದ್ದು. ಆಮ್ಲಜನಕ ಕಡಿಮೆಯಾದಾಗ ಅದು ಉಳಿದುಕೊಂಡು ಕೆಲಸ ಮಾಡುತ್ತದೆ. ಸಾಕಷ್ಟಿದ್ದಾಗ ದೇಹವೇ ಅದನ್ನು ಒಡೆದುಹಾಕುತ್ತದೆ. ಆ ಒಡೆಯುವ ಕೆಲಸಕ್ಕೆ ಕಬ್ಬಿಣಾಂಶ ಬೇಕು. ಥಲಸ್ಸೀಮಿಯಾ ರೋಗಿಗಳ ಮೈಯಲ್ಲಿ ಸೇರಿಕೊಂಡ ಹೆಚ್ಚಿನ ಕಬ್ಬಿಣವನ್ನು ಹೊರಹಾಕಲು ಕೊಡುವ ಡೆಫೆರಾಕ್ಸಮೀನ್ ಎಂಬ ಮದ್ದನ್ನು ಮುದಿ ಇಲಿಗಳಿಗೆ ಕೊಟ್ಟಾಗ ‘ಎಚ್’ ನಾಳಗಳು ಮತ್ತೆ ಹೆಚ್ಚಿದವು, ಎಲುಬೂ ತುಂಬಿಕೊಂಡಿತು.

ಹಾಗೆಂದು ನೀವು ಈ ಮದ್ದಿಗಾಗಿ ಅಂಗಡಿಗೆ ಓಡಬೇಡಿ. ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗಬೇಕೆಂದಿಲ್ಲ. ನಮ್ಮ ಹೆಂಗಸರಲ್ಲಿ ಅನೇಕರಿಗೆ ಕಬ್ಬಿಣಾಂಶ ಮೊದಲೇ ಕಡಿಮೆ. ರಕ್ತನಾಳ ಬೆಳೆಸುವ ಕರೆಯನ್ನು ಕ್ಯಾನ್ಸರ್ ಗೆಡ್ಡೆಗಳೂ ಬಳಸಿಕೊಳ್ಳುತ್ತವೆ.

ಆದರೆ ಮುಪ್ಪಿನ ಎಲುಬಿನ ಸವೆತಕ್ಕೆ ಕಾರಣಗಳಿವೆ, ಅವುಗಳಲ್ಲಿ ಕೆಲವನ್ನಾದರೂ ತಿದ್ದಬಹುದೆಂಬ ಭರವಸೆಯನ್ನು ಈ ಪುಟ್ಟ ಪ್ರಾಣಿ ಕೊಟ್ಟಿದೆ. ಅಜ್ಜಿಯ ಬೆನ್ನು ಬಾಗುತ್ತಿದ್ದರೆ ‘ವಯಸ್ಸಾಯಿತು’ ಎಂದು ಬಿಡದೆ ವೈದ್ಯರಲ್ಲಿ ತೋರಿಸಿ. ಅಂಗಳದ ಪಾಚಿಯನ್ನು ಇಂದೇ ಉಜ್ಜಿ ತೆಗೆಯಿರಿ.