ಹಳೆಯ ಕಾರಿನ ಗಡಗಡ ಸದ್ದು: ಗೇರ್ ಬಾಕ್ಸ್ ಬಿಚ್ಚುವ ಮೊದಲು

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳೆಯ ಎಲೆ ಹಳದಿಯಾದ ಕೂಡಲೇ ತಿಳಿದ ರೈತರು ಯೂರಿಯಾ ಚೀಲ ಬಿಚ್ಚುವುದಿಲ್ಲ. ಹಳದಿ ಮೊದಲು ಕಂಡದ್ದು ಕೆಳಗಿನ ಹಳೆಯ ಎಲೆಗಳಲ್ಲೋ, ತುದಿಯ ಎಳೆಯ ಎಲೆಗಳಲ್ಲೋ ಎಂದು ನೋಡುತ್ತಾರೆ. ಹಳೆಯ ಎಲೆಗಳಾದರೆ ಸಾರಜನಕದ ಕೊರತೆಯಿರಬಹುದು. ಎಳೆಯ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳುಚಿದ್ದರೆ ಕಬ್ಬಿಣದ ಕೊರತೆಯಿರಬಹುದು. ಅಲ್ಲಿ ಯೂರಿಯಾ ಹಾಕಿದರೆ ಹಣ ದಂಡ. ಹೊಲದಲ್ಲಿ ಇಷ್ಟು ಎಚ್ಚರದಿಂದಿರುವವರೇ ತಮ್ಮ ಹಳೆಯ ಕಾರಿನಲ್ಲಿ ಗಡಗಡ ಸದ್ದು ಕೇಳಿಸಿದರೆ, ‘ಗೇರ್ ಬಾಕ್ಸ್ ಹೋಗಿದೆ’ ಎಂದು ಯಾರೋ ಹೇಳಿದ ಮಾತಿಗೆ ತಲೆದೂಗಿ ಅದನ್ನು ಇಳಿಸಲು ಒಪ್ಪಿಬಿಡುತ್ತಾರೆ. ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿ ಎಷ್ಟೋ ವೇಳೆ ಒಳಗೆ ಹಾಕುವ ಬಿಡಿಭಾಗದ ಬೆಲೆಗಿಂತ ಹೆಚ್ಚಾಗಿರುತ್ತದೆ. ತಪ್ಪು ಬೇರೆ ಕಡೆ ಇದ್ದರೆ ಆ ಕೂಲಿಯೂ ಹೋಯಿತು, ಸದ್ದೂ ಉಳಿಯಿತು.

ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಳ್ಳಲು ರಾಮನಗರದ ಕಡೆಯಿಂದ ಬರುವ ಒಬ್ಬ ರೈತರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವರದು ನಾಲ್ಕು ಗೇರಿನ ಹಳೆಯ ಪೆಟ್ರೋಲ್ ಅಂಬಾಸಿಡರ್. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತ ಮೇಲೆ ಈ ಕಾರಿನ ತಯಾರಿಕೆ ಇಲ್ಲ, ಇರುವುದನ್ನೇ ಕಾಪಾಡಿಕೊಳ್ಳಬೇಕು. ಊರಿನ ಮಣ್ಣು ರಸ್ತೆಯಲ್ಲಿ ಗಾಡಿಯ ಎಲ್ಲ ಭಾಗಗಳೂ ಸದ್ದು ಮಾಡುವುದರಿಂದ ಯಾವುದೂ ಬೇರೆಯಾಗಿ ಕೇಳಿಸದು. ಮೈಸೂರು ರಸ್ತೆಯಲ್ಲಿ ಬಂದು ಸಿರ್ಸಿ ವೃತ್ತದ ಬಳಿ ಚಾಮರಾಜಪೇಟೆಗೆ ತಿರುಗಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. 1892ರಲ್ಲಿ ರೂಪುಗೊಂಡ ಈ ಬಡಾವಣೆಯ ರಸ್ತೆಗಳು ನೇರವಾಗಿದ್ದರೂ ಇಂದಿನ ವಾಹನಗಳ ದಟ್ಟಣೆಗೆ ಸಾಲವು. ಸಿಗ್ನಲ್ಲಿನಲ್ಲಿ ನಿಲ್ಲಬೇಕು, ಸ್ವಲ್ಪ ಸಾಗಿ ಮತ್ತೆ ನಿಲ್ಲಬೇಕು. ಹೀಗೆ ನಿಂತಾಗ ಪಕ್ಕದ ಕಾಂಪೌಂಡು ಗೋಡೆಗೆ ತಾಗಿ ಮರಳುವ ಸದ್ದು ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳುತ್ತದೆ: ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಗಡಗಡ.

ಮೋಟಾರು ಬಿಡಿಭಾಗಗಳ ದೊಡ್ಡ ಪೇಟೆಯಾದ ಜೆ.ಸಿ. ರಸ್ತೆ ಇಲ್ಲಿಗೆ ಕೂಗಳತೆಯಲ್ಲೇ ಇದೆ. ಬಿಡಿಭಾಗ ಕೈಗೆಟುಕುವ ಕಡೆ ಬಿಚ್ಚುವ ಆಸೆಯೂ ಬೇಗ ಹುಟ್ಟುತ್ತದೆ! ಅದಕ್ಕೆ ಮೊದಲು ಮಾಲೀಕರು ತಾವೇ ಹತ್ತು ನಿಮಿಷ ವ್ಯಯಿಸಬೇಕು. ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಎಂಥ ಸದ್ದು’ ಎಂಬುದಲ್ಲ, ‘ಇದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ’ ಎಂಬುದು.

ಕಾರನ್ನು ಸಮತಟ್ಟಾದ ಬಯಲಿನಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಕೂಡದು. ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಪ್ರಾಣ ತೆಗೆಯುತ್ತದೆ. ಬರಿಯ ಜಾಕಿನ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು.

ಈಗ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಪೆಡಲಿನಿಂದ ಕಾಲು ತೆಗೆದು, ಬಿಸಿಯಾದ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಡಬೇಕು. ಸದ್ದು ಇದೆಯೆಂದರೆ ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ ಕೆಲವು ಕ್ಷಣ ಹಿಡಿಯಬೇಕು. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಹೇಗೆಂಬುದನ್ನು ತುಸು ವಿವರವಾಗಿ ನೋಡಬೇಕು.

ಕಾರು ನ್ಯೂಟ್ರಲ್‌ನಲ್ಲಿ ನಿಂತಿದ್ದರೂ ಪೆಡಲು ಒತ್ತದಿರುವಾಗ ಕ್ಲಚ್ ಪ್ಲೇಟು ಎಂಜಿನ್ನಿನ ಜೊತೆ ತಿರುಗುತ್ತಲೇ ಇರುತ್ತದೆ. ಅದರೊಂದಿಗೆ ಗೇರ್ ಬಾಕ್ಸಿನ ಮುಂದಿನ ಶಾಫ್ಟೂ, ಅದಕ್ಕೆ ಹಲ್ಲು ಕೂಡಿರುವ ಇತರ ಗೇರುಗಳೂ ಭಾರವಿಲ್ಲದೆ ಸುಮ್ಮನೆ ತಿರುಗುತ್ತವೆ. ಎಂಜಿನ್ನಿನ ತಿರುಗುವಿಕೆ ಎತ್ತಿನ ಗಾಣದಂತೆ ಸಮನಾದುದಲ್ಲ. ಪ್ರತಿ ಸಿಲಿಂಡರ್ ಉರಿದಾಗಲೂ ಒಂದೊಂದು ತಳ್ಳು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ 1,600 ತಳ್ಳುಗಳು, ಅಂದರೆ ಸೆಕೆಂಡಿಗೆ ಸುಮಾರು 27. ಮೂರು ಸಿಲಿಂಡರಿನ ಮಾರುತಿ 800 ಕಾರಿನಲ್ಲಿ ಅದೇ ವೇಗಕ್ಕೆ ಸೆಕೆಂಡಿಗೆ 20 ಮಾತ್ರ. ತಳ್ಳುಗಳ ನಡುವೆ ಅಂತರ ಹೆಚ್ಚು, ಅದುರುವಿಕೆಯೂ ಹೆಚ್ಚು. ಈ ಅದುರನ್ನು ಹೀರಿಕೊಳ್ಳಲೆಂದೇ ಕ್ಲಚ್ ಪ್ಲೇಟಿನ ನಡುವೆ ಚಿಕ್ಕ ಸ್ಪ್ರಿಂಗುಗಳಿರುತ್ತವೆ. ಅವು ಸಡಿಲವಾದರೆ ಅಥವಾ ಮುರಿದರೆ ಅದುರು ನೇರವಾಗಿ ಗೇರುಗಳಿಗೆ ಹೋಗಿ ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದೇ ಗಡಗಡ.

ಪೆಡಲು ಒತ್ತಿದಾಗ ಪ್ಲೇಟು ಎಂಜಿನ್ನಿನಿಂದ ಬಿಡುಗಡೆಯಾಗಿ, ಗೇರುಗಳು ನಿಂತು, ಸದ್ದು ಅಡಗಿದರೆ ದೋಷ ಪ್ಲೇಟಿನಿಂದ ಒಳಗಿನ ಭಾಗದಲ್ಲಿದೆ. ಹಾಗೆಂದು ತಕ್ಷಣ ಬಿಚ್ಚಬೇಕಾಗಿಲ್ಲ. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ ನೋಡಬೇಕು. ಸದ್ದು ಮಾಯವಾದರೆ, ಎಂಜಿನ್ನಿನ ನಿಧಾನ ಓಟ ಇರಬೇಕಾದುದಕ್ಕಿಂತ ಕಡಿಮೆಯಾಗಿರಬಹುದು. ಕಾರ್ಬುರೇಟರಿನ ಒಂದು ಸ್ಕ್ರೂ ತಿರುವಿದರೆ ಸರಿಹೋಗುವ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸುವುದು ಅವಿವೇಕ. ನಂತರ ಗೇರ್ ಬಾಕ್ಸಿನ ಎಣ್ಣೆಯ ಮಟ್ಟ ನೋಡಿಸಬೇಕು. ಎಂಜಿನ್ ಎಣ್ಣೆಯನ್ನು ತಪ್ಪದೆ ಬದಲಾಯಿಸುವವರೂ ಇದನ್ನು ವರ್ಷಗಟ್ಟಲೆ ಮರೆತಿರುತ್ತಾರೆ. ಹಳೆಯ ಎಣ್ಣೆ ಇಳಿಸಿದಾಗ ತಟ್ಟೆಯಲ್ಲಿ ಲೋಹದ ಚೂರುಗಳು ಕಂಡರೆ ಅಯಸ್ಕಾಂತ ಹಿಡಿಯಬೇಕು. ಅಂಟುವ ಉಕ್ಕಿನ ಚೂರುಗಳು ಗೇರಿನ ಹಲ್ಲಿನವೋ ಬೇರಿಂಗಿನವೋ ಇರಬೇಕು. ಆಗ ಬಿಚ್ಚದೆ ಗತಿಯಿಲ್ಲ. ಬಿಟ್ಟು ಬಿಟ್ಟು ಬರುವ ಗಡಗಡಕ್ಕೆ ಬದಲಾಗಿ ಮರಳು ಅರೆದಂತೆ ಒಂದೇ ಸಮನೆ ಸದ್ದು ಬರುತ್ತಿದ್ದು ಪೆಡಲು ಒತ್ತಿದರೆ ನಿಲ್ಲುವುದಾದರೆ ಮುಂದಿನ ಶಾಫ್ಟಿನ ಬೇರಿಂಗನ್ನು ಅನುಮಾನಿಸಬೇಕು.

ಇದಕ್ಕೆ ವಿರುದ್ಧವಾಗಿ, ಪೆಡಲು ಒತ್ತಿದಾಗಲೇ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್ ಸವೆದಿದೆ. ಓಡಿಸುವಾಗ ಎಡಗಾಲನ್ನು ಸದಾ ಪೆಡಲಿನ ಮೇಲೆ ಇಡುವವರ ಗಾಡಿಯಲ್ಲಿ ಇದು ಬೇಗ ಬರುತ್ತದೆ.

ಪೆಡಲು ಒತ್ತಿದರೂ ಬಿಟ್ಟರೂ ಸದ್ದಿನಲ್ಲಿ ವ್ಯತ್ಯಾಸವಿಲ್ಲದಿದ್ದರೆ ಕ್ಲಚ್ಚನ್ನೂ ಗೇರ್ ಬಾಕ್ಸನ್ನೂ ಸದ್ಯಕ್ಕೆ ಬಿಟ್ಟುಬಿಡಬಹುದು. ಬಾನೆಟ್ಟಿನ ಕಡೆಯಿಂದ ಟಿಕ್ ಟಿಕ್ ಎಂದು, ಎಂಜಿನ್ನಿನ ವೇಗ ಏರಿದಂತೆ ತಾನೂ ಏರುವ ಹಗುರ ಸದ್ದು ಟ್ಯಾಪೆಟ್ಟಿನದಿರಬಹುದು, ಅಂತರ ಸರಿಪಡಿಸಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಗಡು ಅದುರಿ ಮತ್ತೆ ಸುಮ್ಮನಾಗುವುದು ಸೈಲೆನ್ಸರಿನ ರೀತಿ. ತಣ್ಣಗಾದ ಮೇಲೆ ಕೊಳವೆಯನ್ನು ಮರದ ಕೋಲಿನಿಂದ ಮೆಲ್ಲಗೆ ತಟ್ಟಿದರೆ ಹರಿದ ರಬ್ಬರ್ ತೂಗು, ಸಡಿಲ ಕ್ಲಾಂಪು, ತುಕ್ಕು ತಿಂದ ತಗಡು ಸಿಕ್ಕಿಬೀಳುತ್ತವೆ. ಗೇರ್ ಹಿಡಿಯನ್ನು ಕೈಯಿಂದ ಅದುಮಿದರೆ ಸದ್ದು ನಿಂತಿತೆ? ಹಾಗಾದರೆ ಅದು ಹಿಡಿಯ ಜೋಡಣೆಯ ಸವೆದ ಬುಷ್, ಚಿಲ್ಲರೆ ಖರ್ಚಿನ ಮಾತು.

ನಿಂತಾಗ ಬಾರದೆ ಓಡುವಾಗ ಮಾತ್ರ ಬರುವ ಸದ್ದಿಗೆ ಬೇರೆ ಪರೀಕ್ಷೆ. ಜನಸಂಚಾರವಿಲ್ಲದ ರಸ್ತೆಯಲ್ಲಿ ಒಂದೇ ವೇಗವನ್ನು ಮೂರನೆಯ ಗೇರಿನಲ್ಲೊಮ್ಮೆ, ನಾಲ್ಕನೆಯದರಲ್ಲೊಮ್ಮೆ ಕಾಯ್ದುಕೊಳ್ಳಬೇಕು. ಸದ್ದು ಬದಲಾಗದಿದ್ದರೆ ಅದು ಚಕ್ರದ ಜೊತೆ ತಿರುಗುವ ಭಾಗದ್ದು. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕನೆಯ ಗೇರು ನೇರ ಜೋಡಣೆ. ಮೂರರಲ್ಲಿ ಕೇಳಿ ನಾಲ್ಕರಲ್ಲಿ ಅಡಗಿದರೆ ಗೇರ್ ಬಾಕ್ಸಿನ ಕಡೆಗೇ ಬೆರಳು. ಗಾಡಿ ಹೊರಡುವಾಗ ‘ಠಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ನೋಡಬೇಕು. ಮಾರುತಿ 800ರಲ್ಲಿ ಆ ಶಾಫ್ಟೇ ಇಲ್ಲ; ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತಾಕಾರ ಓಡಿಸಿದಾಗ ಕಟಕಟ ಎಂದರೆ ಮುಂದಿನ ಆಕ್ಸಲ್ಲಿನ ಹೊರಜಾಯಿಂಟು ಸವೆದಿದೆ. ಅದರ ರಬ್ಬರ್ ಕವಚ ಹರಿದು ಗ್ರೀಸು ಹೊರಬಂದಿರುವುದೂ ಕಾಣಬಹುದು. ದೊಡ್ಡ ಬಸವಣ್ಣನ ಗುಡಿಯ ಕಡೆಗಿನಂಥ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಷ್ಟೇ ಎಂಜಿನ್ನಿನಲ್ಲಿ ಕಲ್ಲು ಸುರಿದಂತಾದರೆ ಇಗ್ನಿಷನ್ ಟೈಮಿಂಗ್ ಮುಂದಾಗಿದೆಯೋ, ಪೆಟ್ರೋಲು ಕಲಬೆರಕೆಯೋ ಪರೀಕ್ಷಿಸಬೇಕು.

ಎರಡು ಸದ್ದುಗಳಿಗೆ ಮಾತ್ರ ಪರೀಕ್ಷೆ ಬೇಡ, ಕೂಡಲೇ ನಿಲ್ಲಿಸಬೇಕು. ಎಂಜಿನ್ನಿನ ತಳದಿಂದ ಸುತ್ತಿಗೆ ಬಡಿದಂತೆ ಭಾರವಾದ ಹೊಡೆತ ಕೇಳಿದರೆ, ಅದರಲ್ಲೂ ಎಣ್ಣೆಯ ದೀಪ ಹೊತ್ತಿಕೊಂಡರೆ, ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಾರದು, ಎಳೆಸಿಕೊಂಡು ಹೋಗಬೇಕು. ಚಕ್ರದ ಬಳಿ ಹೊಸದಾಗಿ ಲಟಲಟ ಎಂದರೆ ಇಳಿದು ಚಕ್ರದ ನಟ್ಟುಗಳನ್ನು ಮುಟ್ಟಿ ನೋಡಬೇಕು.

ಟ್ರ್ಯಾಕ್ಟರಿನ ಕ್ಲಚ್ಚಿಗೂ ಮೇಲೆ ಹೇಳಿದ ಪರೀಕ್ಷೆ ಅನ್ವಯಿಸುತ್ತದೆ. ಎರಡು ಹಂತದ ಕ್ಲಚ್ ಇದ್ದರೆ ಪೆಡಲನ್ನು ಮೊದಲ ಹಂತಕ್ಕೊಮ್ಮೆ, ಪೂರ್ತಿಯಾಗೊಮ್ಮೆ ಒತ್ತಿ ಕೇಳಬೇಕು.

ಉದಾಹರಣೆಯ ರೈತರು ಗ್ಯಾರೇಜಿಗೆ ಹೋದಾಗ ‘ಗೇರ್ ಬಾಕ್ಸ್ ನೋಡಿ’ ಎನ್ನುವ ಬದಲು, ‘ಗಾಡಿ ನಿಂತಾಗ, ಬಿಸಿಯಾದ ಮೇಲೆ ಬರುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ, ಓಟ ಏರಿಸಿದರೂ ಹೋಗುವುದಿಲ್ಲ, ಎಣ್ಣೆ ಸರಿಯಾಗಿದೆ’ ಎಂದು ಹೇಳಬೇಕು. ಒಳ್ಳೆಯ ಮೆಕಾನಿಕ್ಕಿಗೆ ಇಷ್ಟು ಸಾಕು. ಕ್ಲಚ್ ಇಳಿಸಲೇಬೇಕಾದರೆ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ನೋಡಿಸಬೇಕು, ಏಕೆಂದರೆ ಇಳಿಸುವ ಕೂಲಿ ಒಂದೇ. ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪ್ಲೇಟನ್ನು ಜೊತೆಗೆ ಒಯ್ದು, ಹೊಸದರ ವ್ಯಾಸವನ್ನೂ ನಡುವಿನ ಹಲ್ಲುಗಳ ಎಣಿಕೆಯನ್ನೂ ಅಂಗಡಿಯಲ್ಲಿಯೇ ತಾಳೆ ನೋಡಿ ಕೊಳ್ಳಬೇಕು.