ಮಿಥಾಲಿ ರಾಜ್: 23 ವರ್ಷದ ಆಟ, ಟೆಸ್ಟ್ ಬರೀ 12

ಇವತ್ತು ಮಿಥಾಲಿ ರಾಜ್ ಬಗ್ಗೆ ಮಾತಾಡೋಣ.

ಅವರ ದಾಖಲೆಗಳು ನಿಮ್ಮ ಫೋನಲ್ಲೇ ಸಿಗುತ್ತವೆ. ಏಕದಿನದಲ್ಲಿ 232 ಪಂದ್ಯ, 7,805 ರನ್, ಸರಾಸರಿ 50ಕ್ಕಿಂತ ಜಾಸ್ತಿ. ಆರು ವಿಶ್ವಕಪ್ ಆಡಿದ್ದಾರೆ. ಎರಡು ಸಲ ನಾಯಕಿಯಾಗಿ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋಗಿದ್ದಾರೆ. ಆದರೆ ನನ್ನನ್ನು ಕಾಡೋ ಸಂಖ್ಯೆ ಬೇರೆ. ಅದು 12. ಇಷ್ಟು ವರ್ಷದಲ್ಲಿ ಅವರು ಆಡಿದ ಟೆಸ್ಟ್ ಅಷ್ಟೇ. ನಮ್ಮ ವಿರಾಟ್ ಕೊಹ್ಲಿ ಆಡಿದ್ದು 123.

ಟೆಸ್ಟ್ ಆಡೋಕೆ ಬರ್ತಿರಲಿಲ್ವಾ? ಹಾಗೇನಿಲ್ಲ. 1999ರಲ್ಲಿ, 16ನೇ ವಯಸ್ಸಿನಲ್ಲಿ, ಐರ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲೇ ಔಟಾಗದೆ 114 ಹೊಡೆದ ಹುಡುಗಿ ಅವರು. ಮೊದಲ ಟೆಸ್ಟಲ್ಲಿ ಸೊನ್ನೆ ಸುತ್ತಿದರು, ನಿಜ. ಆದರೆ ಮೂರನೇ ಟೆಸ್ಟ್, 2002ರ ಆಗಸ್ಟ್, ಇಂಗ್ಲೆಂಡಿನ ಟಾಂಟನ್: 214 ರನ್! ಆಗ ಅದು ಮಹಿಳಾ ಟೆಸ್ಟ್‌ನ ವಿಶ್ವದಾಖಲೆ. ವಯಸ್ಸು 19.

ಆಗ ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಯಲ್ಲಿ ಇರಲಿಲ್ಲ. ಬೇರೆ ಸಂಘ ನಡೆಸುತ್ತಿತ್ತು, ದುಡ್ಡು ಇರಲಿಲ್ಲ. 2005ರ ವಿಶ್ವಕಪ್‌ನಲ್ಲಿ ರನ್ನರ್ ಅಪ್ ಆದಾಗ ಪಂದ್ಯಕ್ಕೆ ಸಾವಿರ ರೂಪಾಯಿ ಸಿಕ್ಕಿತ್ತು ಅಂತ ಮಿಥಾಲಿಯೇ ಸಂದರ್ಶನವೊಂದರಲ್ಲಿ ಹೇಳಿದ್ದಾರೆ.

2006ರಲ್ಲಿ ಬಿಸಿಸಿಐ ಜವಾಬ್ದಾರಿ ತಗೊಂಡಿತು. ಅದೇ ವರ್ಷ ಮಿಥಾಲಿ ತಂಡ ಇಂಗ್ಲೆಂಡಲ್ಲಿ ಟೆಸ್ಟ್ ಸರಣಿ ಗೆದ್ದಿತು. ಇನ್ನೇನು, ಟೆಸ್ಟ್‌ಗಳು ಸಾಲುಸಾಲಾಗಿ ಬರಬೇಕಿತ್ತು ಅಲ್ವಾ? ಮುಂದಿನ ಟೆಸ್ಟ್ ಬಂದಿದ್ದು 2014ರಲ್ಲಿ. ಅಂದರೆ 23ರಿಂದ 31ರವರೆಗೆ, ಬ್ಯಾಟರ್ ಒಬ್ಬರು ಪಳಗೋ ವಯಸ್ಸಲ್ಲಿ, ಅವರಿಗೆ ಒಂದೇ ಒಂದು ಟೆಸ್ಟ್ ಸಿಗಲಿಲ್ಲ.

ವರ್ಮ್ಸ್‌ಲಿಯ ಆ ಪಂದ್ಯದಲ್ಲಿ ನಮ್ಮ 11 ಮಂದಿಯಲ್ಲಿ 8 ಮಂದಿಗೆ ಅದೇ ಮೊದಲ ಟೆಸ್ಟ್. ಆದರೂ ಇಂಗ್ಲೆಂಡನ್ನು ಸೋಲಿಸಿದರು. ಮಿಥಾಲಿ ಅಜೇಯ 50 ಹೊಡೆದು ಗೆಲುವಿನ ದಡ ಮುಟ್ಟಿಸಿದರು. ಮೂರು ತಿಂಗಳಿಗೆ ನಮ್ಮ ಮೈಸೂರಿಗೆ ಬಂದರು. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಇನಿಂಗ್ಸ್ ಗೆಲುವು. ತಿರುಷ್ ಕಾಮಿನಿ 192, ಪೂನಮ್ ರಾವುತ್ 130, ಹರ್ಮನ್‌ಪ್ರೀತ್ ಕೌರ್‌ಗೆ 9 ವಿಕೆಟ್.

ಇಷ್ಟು ಚೆನ್ನಾಗಿ ಗೆದ್ದ ತಂಡಕ್ಕೆ ಮತ್ತೆ ಟೆಸ್ಟ್ ಸಿಕ್ಕಿದ್ದು ಯಾವಾಗ ಗೊತ್ತಾ? 2021ರ ಜೂನ್. ಇನ್ನೊಂದು ಏಳು ವರ್ಷ ಹೋಯ್ತು. ಸತತ ಮೂರು ಟೆಸ್ಟ್ ಗೆದ್ದವರಿಗೆ ಸಿಕ್ಕ ಬಹುಮಾನ ಇದು! ಮೈಸೂರಲ್ಲಿ 192 ಹೊಡೆದ ಕಾಮಿನಿಗೆ ಮತ್ತೆ ಟೆಸ್ಟ್ ಆಡೋ ಅವಕಾಶವೇ ಬರಲಿಲ್ಲ.

ಇನ್ನೊಂದು ಲೆಕ್ಕ ನೋಡಿ. ಮಿಥಾಲಿ ನಂತರ ಭಾರತದ ಮಹಿಳೆಯೊಬ್ಬರು ಟೆಸ್ಟ್‌ನಲ್ಲಿ ದ್ವಿಶತಕ ಹೊಡೆದದ್ದು 2024ರಲ್ಲಿ, ಚೆನ್ನೈನಲ್ಲಿ ಶಫಾಲಿ ವರ್ಮಾ. ನಡುವೆ 22 ವರ್ಷ. ಹುಡುಗಿಯರಿಗೆ ತಾಕತ್ತು ಇರಲಿಲ್ಲ ಅಂತ ನಾನು ಒಪ್ಪಲ್ಲ. ಪಂದ್ಯವೇ ಇಲ್ಲದಿದ್ದರೆ ದ್ವಿಶತಕ ಎಲ್ಲಿಂದ ಬರಬೇಕು?

ಮಿಥಾಲಿ 2022ರ ಜೂನ್‌ನಲ್ಲಿ ನಿವೃತ್ತಿಯಾದರು. ನಾಲ್ಕೇ ತಿಂಗಳಲ್ಲಿ ಪುರುಷರಷ್ಟೇ ಪಂದ್ಯ ಶುಲ್ಕ ಘೋಷಣೆ ಆಯ್ತು. ಮರುವರ್ಷ ಡಬ್ಲ್ಯುಪಿಎಲ್ ಬಂತು. 2024ರಲ್ಲಿ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದಾಗ ನಾವೆಲ್ಲ ಕುಣಿದ್ವಿ. 2025ರ ನವೆಂಬರ್‌ನಲ್ಲಿ ನವಿ ಮುಂಬೈನಲ್ಲಿ ವಿಶ್ವಕಪ್ ಗೆದ್ದ ಹುಡುಗಿಯರು ಟ್ರೋಫಿಯನ್ನು ಮಿಥಾಲಿ, ಜೂಲನ್ ಗೋಸ್ವಾಮಿ ಅವರ ಕೈಗೂ ಕೊಟ್ಟರು. ಆ ವಿಡಿಯೋ ನೀವೂ ನೋಡಿರ್ತೀರಿ.

ಆದರೆ ಟ್ರೋಫಿ ಹಂಚಿಕೊಳ್ಳಬಹುದು, ಹೋದ ವರ್ಷಗಳನ್ನು ವಾಪಸ್ ಕೊಡೋಕಾಗಲ್ಲ. ಹಾಗಾಗಿ ಒಂದು ಮಾತು. ಮುಂದಿನ ಸಲ ಮಹಿಳಾ ತಂಡದ ವೇಳಾಪಟ್ಟಿ ಬಂದಾಗ ಅದರಲ್ಲಿ ಟೆಸ್ಟ್ ಎಷ್ಟಿದೆ ಅಂತ ಎಣಿಸಿ. ಕಮ್ಮಿ ಇದ್ದರೆ ಸುಮ್ನಿರಬೇಡಿ, ಕೇಳಿ. ಟೆಸ್ಟ್ ಇದ್ದರೆ ಹೋಗಿ ನೋಡಿ, ಟಿಕೆಟ್ ತಗೊಂಡು.

ಮತ್ತೆ ಸಿಗೋಣ.